ಕೆರೆ ಕಡೆಯ ಪಾಲು

ನನ್ನ ತಂಗಿಗೆ ಮನೆ ಕಟ್ಟಲು ನಾನು ಬಿಟ್ಟುಕೊಟ್ಟ ಜಾಗ ಆನೆ ನಡೆಯುವ ದಾರಿ. ಕೊಡುವಾಗ ನನಗದು ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ.

ಅನುಮಾನವಿತ್ತು, ಖಚಿತವಿರಲಿಲ್ಲ, ಕೊಡಗಿನಲ್ಲಿ ಆನೆ ಬಾರದ ಜಾಗ ಯಾವುದು — ಹೀಗೆಲ್ಲ ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಾದರೂ ನನ್ನೆದುರು ಕೂತು ಹೀಗೆ ತೊದಲಿದ್ದರೆ ಅಸಹ್ಯಪಟ್ಟು ಎದ್ದು ಹೋಗುತ್ತಿದ್ದೆ. ನನ್ನನ್ನೇ ಬಿಟ್ಟು ಎದ್ದು ಹೋಗುವುದು ಹೇಗೆ...

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಕುಟುಂಬ. ಅಪ್ಪ ತೀರಿಕೊಂಡ ಮೇಲೆ ಗದ್ದೆ ಮಾರಿ, ನಾನೂ ತಂಗಿ ಗಿರಿಜಳೂ ಸೇರಿ ತಿತಿಮತಿಯ ಬಳಿ ಒಂದು ತುಂಡು ತೋಟ ಕೊಂಡೆವು. ದೊಡ್ಡದೊಂದು ಕಾಫಿ ಎಸ್ಟೇಟನ್ನು ಮಾಲೀಕರು ಹೋಳು ಮಾಡಿ ಮಾರುತ್ತಿದ್ದರು. ಅಕ್ಕಪಕ್ಕ ಎರಡು ಮನೆ ಇರಬೇಕು, ನಡುವೆ ಬೇಲಿ ಇರಬಾರದು ಎಂಬುದು ಗಿರಿಜಳ ಆಸೆ. ಮೇಲೊಂದು ದಿಬ್ಬ, ಬರೀ ಕಲ್ಲು. ಕೆಳಗೆ ಕೆರೆಯ ಪಕ್ಕ ಸಮತಟ್ಟು ಜಾಗ, ರಸ್ತೆಗೆ ಹತ್ತಿರ, ಸುತ್ತ ಹಲಸಿನ ಮರಗಳು. ಯಾರೇ ನೋಡಿದರೂ ಕೆಳಗಿನದೇ ಬೇಕು ಅನ್ನುತ್ತಿದ್ದರು. ನನಗೂ ಅದೇ ಬೇಕಿತ್ತು.

ಅಳತೆಯ ದಿನ ಗಿರಿಜ ಬಂದಿರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಕುಟ್ಟಪ್ಪ ಜೊತೆಗಿದ್ದರು.

"ಕೆರೆ ಹತ್ರ ಮನೆ ಕಟ್ಬೇಡಿ ಸಾರ್," ಅಂದರು. "ಹಲಸು ಹಣ್ಣಾಗುವಾಗ ಆನೆ ಇಳಿಯೋದು ಇಲ್ಲೇ. ನೀರು ಕುಡಿದು ಆಚೆ ತೋಟಕ್ಕೆ ಹೋಗ್ತದೆ. ಮೊದಲಾದ್ರೆ ಕರೆಂಟ್ ಬೇಲಿ ಇತ್ತು, ವಾಚರ್ ಇದ್ದ. ಈಗ ಎಂತ ಉಂಟು?"

"ನನ್ನ ತಂಗಿಗೆ ಇದೆಲ್ಲ ಹೇಳಿ ಹೆದರಿಸ್ಬೇಡಿ," ಅಂದೆ.

ಅವರು ನನ್ನ ಮುಖ ನೋಡಿದರು, ಟೇಪಿನ ತುದಿ ಹಿಡಿದು ಮುಂದೆ ನಡೆದರು.

ಆ ವಾರವೇ ಮನೆಮಂದಿಯೆಲ್ಲ ಕೂತಿದ್ದಾಗ, "ಕೆರೆ ಕಡೆಯ ಪಾಲು ಗಿರಿಜಂಗೇ ಇರಲಿ, ಕಲ್ಲು ದಿಬ್ಬ ನನಗಿರಲಿ," ಎಂದು ಸಾರಿದೆ. ಸೋದರಮಾವ ಕಣ್ಣೊರೆಸಿಕೊಂಡರು. ಹೆಣ್ಣುಮಕ್ಕಳ ಪಾಲು ನುಂಗುವ ಅಣ್ಣಂದಿರ ನಡುವೆ ನಾನೊಬ್ಬ ದೇವರಂಥವನು! ಆ ಹೊಗಳಿಕೆಯನ್ನು ತಲೆ ತಗ್ಗಿಸಿ, ಬಹಳ ವಿನಯದಿಂದ, ಒಂದು ತುತ್ತೂ ಬಿಡದೆ ತಿಂದೆ.

ಗಿರಿಜ ಮಾತ್ರ ಕೇಳಿದಳು. "ಅಣ್ಣ, ಅಲ್ಲಿ ಆನೆ ಗೀನೆ ಬರಲ್ವಾ?"

"ರೋಡ್ ಪಕ್ಕಕ್ಕೆ ಯಾವ ಆನೆ ಬರ್ತದೆ, ಹುಚ್ಚಿ?"

ಅಷ್ಟೇ. ಅವಳು ಇನ್ನೊಮ್ಮೆ ಕೇಳಲಿಲ್ಲ. ನನ್ನ ಮಾತೆಂದರೆ ಅವಳಿಗೆ —

ಅವಳ ಗಂಡ ಲೋಕೇಶ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಅವನಿಗೆ ರಜೆ ಸಿಗುತ್ತಿರಲಿಲ್ಲವಾದ್ದರಿಂದ ಎರಡೂ ಮನೆಯ ಕೆಲಸ ನಾನೇ ನೋಡಿಕೊಂಡೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅವರ ಮನೆಯ ಪಾಯದ ಅಂಚು ಕುಸಿದಿತ್ತು. ಹಸಿ ಮಣ್ಣಿನಲ್ಲಿ ಊಟದ ತಟ್ಟೆಗಿಂತ ಅಗಲದ ಹೆಜ್ಜೆಗಳು, ಕೆರೆಯವರೆಗೂ. ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು.

"ತಂಗ್ಯಮ್ಮಂಗೆ ಫೋನ್ ಮಾಡಿ ಸಾರ್," ಅಂದ ಮೇಸ್ತ್ರಿ.

ನಾನು ಲದ್ದಿ ಎತ್ತಿಸಿದೆ. ಹೆಜ್ಜೆಗಳ ಮೇಲೆ ಜಲ್ಲಿ ಸುರಿಸಿದೆ. ಆಗಲಾದರೂ ನಿಲ್ಲಿಸಬಹುದಿತ್ತು, ಗೋಡೆ ಎದ್ದಿರಲಿಲ್ಲ. ನಿಲ್ಲಿಸಿದ್ದರೆ ದಿಬ್ಬವನ್ನು ಅವಳೊಂದಿಗೆ ಹಂಚಿಕೊಳ್ಳಬೇಕಾಗುತ್ತಿತ್ತು. ದಿಬ್ಬದ ಮೇಲೆ ಆಗಲೇ ನನ್ನ ಮನೆ ಮುಂದಿನ ಸಿಟೌಟಿನ ಕಂಬಗಳು ನಿಂತಿದ್ದವು — ಹಳೇ ದೊರೆಗಳ ಬಂಗಲೆ ನೋಡಿ ನಕಲು ಮಾಡಿಸಿದ ದಪ್ಪ ಸಿಮೆಂಟಿನ ಕಂಬಗಳು. ಅಂಗೈಯಗಲ ತೋಟದವನಿಗೆ ದೊರೆಯ ಠೀವಿ! ಆ ಕಂಬಗಳಿಗಾಗಿ ನಾನು ಬಾಯಿ ಮುಚ್ಚಿಕೊಂಡೆ.

ಗೃಹಪ್ರವೇಶದ ನಂತರದ ಮೊದಲ ಹಲಸಿನ ಕಾಲ. ಬೆಳಿಗ್ಗೆ ಹಾಲು ತರಲು ಹೊರಟ ಲೋಕೇಶ ತನ್ನ ಗೇಟಿನಲ್ಲೇ ಆನೆಗೆ ಎದುರಾದ. ಅದು ಅವನನ್ನು ಕೊಲ್ಲಲಿಲ್ಲ, ತಳ್ಳಿ ಮುಂದೆ ಹೋಯಿತು. ಸೊಂಟದ ಮೂಳೆ ಪುಡಿಯಾಯಿತು. ದಿನವಿಡೀ ಮಕ್ಕಳೊಂದಿಗೆ ಮೈದಾನದಲ್ಲಿ ಓಡುತ್ತಿದ್ದ ಮನುಷ್ಯ ವಾಕರ್ ಹಿಡಿದು ಕಕ್ಕಸಿಗೆ ಹೋಗುವಂತಾದ.

ಆಮೇಲೆ ನಾನು ಮಾಡಿದ್ದು ಇನ್ನೂ ಹೇಸಿಗೆ. ಅವರಿಬ್ಬರನ್ನೂ ನಾನೂ ನನ್ನ ಹೆಂಡತಿಯೂ ಇದ್ದ ದಿಬ್ಬದ ಮನೆಗೆ ಕರೆತಂದು ಇಟ್ಟುಕೊಂಡೆ. ಮತ್ತೆ ಹೊಗಳಿಕೆ. ಊಟಕ್ಕೆ ಕೂತಾಗಲೆಲ್ಲ ಲೋಕೇಶ, "ನೀವಿಲ್ದಿದ್ರೆ ನಾವು ಎಲ್ಲಿಗೆ ಹೋಗ್ತಿದ್ವಿ ಭಾವ," ಅನ್ನುತ್ತಿದ್ದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದೆ.

ಹೀಗೇ ಸಾಯುವವರೆಗೂ ನಡೆಸುತ್ತಿದ್ದೆನೋ ಏನೋ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಗಿರಿಜ ಒಬ್ಬಳೇ ಕಾಯಿ ತುರಿಯುತ್ತಿದ್ದಳು. ನಾನು ನೀರು ಕುಡಿಯಲು ಹೋದೆ. ತಲೆಯೆತ್ತದೆಯೇ ಅಂದಳು, "ಅವತ್ತು ಅವರು ಮಲಗಿದ್ರು ಅಣ್ಣ. ನಾನೇ ಎಬ್ಬಿಸಿ ಹಾಲಿಗೆ ಕಳಿಸ್ದೆ. ನನ್ನಿಂದಾನೇ ಹಿಂಗಾಯ್ತು."

ನನ್ನ ಪಾಪವನ್ನು ಅವಳು ಹೊತ್ತುಕೊಂಡಿದ್ದಳು. ಎಂದಿನಿಂದ... ಕೇಳುವ ಧೈರ್ಯ ಬರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಕುಟ್ಟಪ್ಪನವರ ಮಾತು, ಪಾಯದ ಹೆಜ್ಜೆ, ಜಲ್ಲಿ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ತುರಿಯುವ ಮಣೆ ಬದಿಗೆ ಸರಿಸಿ, "ಅತ್ತಿಗೆಗೆ ಗೊತ್ತಿತ್ತಾ?" ಅಂದಳು.

"ಇಲ್ಲ."

"ನಾನು ದೇವರ ಮುಂದೆ ಕೂತು ಅತ್ತಾಗೆಲ್ಲ ನೀನು ಸಮಾಧಾನ ಮಾಡ್ತಿದ್ದೆ," ಅಂದಳು. ಕೈ ತೊಳೆದುಕೊಂಡು ಗಂಡನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಮ್ಮತ್ತಿಯಲ್ಲಿ ಅವರಿಗೆ ಬಾಡಿಗೆಗೆ ಒಂದು ಸಣ್ಣ ಮನೆ ಸಿಕ್ಕಿತು. ದಿಬ್ಬದ ಈ ಮನೆಯನ್ನೇ ನಿಮ್ಮ ಹೆಸರಿಗೆ ಮಾಡುತ್ತೇನೆ ಎಂದು ಬಾಯಿಬಿಟ್ಟೆ. "ಅದನ್ನೂ ಎಲ್ರೂ ಹೊಗಳ್ತಾರೆ," ಅಂದಳು ಗಿರಿಜ. ಹೊರಡುವ ದಿನ ಲೋಕೇಶ ಆಟೋ ಹತ್ತಲು ಒದ್ದಾಡುತ್ತಿದ್ದಾಗ ಕೈ ಚಾಚಿದೆ. "ಬೇಡ," ಅಂದ. ಡ್ರೈವರ್ ಇಳಿದು ಬಂದು ಅವನನ್ನು ಎತ್ತಿ ಕೂರಿಸಿದ.

ಈಗ ನೆಂಟರು ಫೋನ್ ಮಾಡಿ, ಅತ್ತಿಗೆಗೂ ನಾದಿನಿಗೂ ಆಗಲಿಲ್ಲವೇ ಎಂದು ಕೇಳುತ್ತಾರೆ. ಇಲ್ಲ, ನನ್ನಿಂದ ಹೋದರು ಎಂದು ಶುರು ಮಾಡುತ್ತೇನೆ. ಕೆಲವರು ನಡುವೆಯೇ ಮಾತು ಮರೆಸಲು ನೋಡುತ್ತಾರೆ, ಹೋಗಲಿ ಬಿಡು ಅನ್ನುತ್ತಾರೆ. ಬಿಡುವುದಿಲ್ಲ. ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಫೋನ್ ಇಡುತ್ತೇನೆ.