ಎರಡಿಂಚು ಬಿಟ್ಟು ಬರೆದ ಅರ್ಜಿ

ಅರ್ಜಿ ನಾಲ್ಕು ದಿನದಿಂದ ಕತ್ತರಿಯ ಕೆಳಗೇ ಇತ್ತು. ಬಟ್ಟೆ ಕತ್ತರಿಸಲೆಂದು ಕತ್ತರಿ ಎತ್ತಿದಾಗ ಕಣ್ಣಿಗೆ ಬೀಳುತ್ತಿತ್ತು, ಕೆಳಗಿಟ್ಟಾಗ ಮರೆತುಹೋಗುತ್ತಿತ್ತು.

“ಇವತ್ತೂ ಬರೀಲಿಲ್ವೇನೇ?” ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಕೇಳಿದರು.

“ಕೈ ಸ್ವಲ್ಪ ಬಿಡುವಾಗ್ಲಿ ಅತ್ತೆ.”

“ನಿನ್ನ ಕೈ ಬಿಡುವಾಗೋ ಹೊತ್ತಿಗೆ ಈ ಕೂಸಿಗೆ ಮದುವೆ ವಯಸ್ಸಾಗಿರುತ್ತೆ.”

ಸೊಸೆ ನಗಲಿಲ್ಲ. ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಆ ಬೀದಿಯವರಿಗೆಲ್ಲ ಅವಳು ಟೇಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಎದುರು ಕತ್ತರಿಸುವ ಮೇಜು, ಮೂಲೆಯಲ್ಲಿ ಎದೆಮಟ್ಟ ಪೇರಿಸಿದ ನೀಲಿ ಲಂಗ, ಬಿಳಿ ಅಂಗಿ. ಪೇಟೆಯ ಒಂದು ಜವಳಿ ಅಂಗಡಿಗೆ ಅವಳು ಶಾಲೆಯ ಯೂನಿಫಾರ್ಮ್ ಹೊಲಿದು ಕೊಡುತ್ತಿದ್ದಳು. ವರ್ಷಕ್ಕೆ ಆರುನೂರು ಮಕ್ಕಳು ಅವಳು ಹೊಲಿದ ಬಟ್ಟೆ ತೊಟ್ಟು ಶಾಲೆಗೆ ಹೋಗುತ್ತಿದ್ದರು. ಅವಳ ಒಬ್ಬಳೇ ಮಗಳು ಮಾತ್ರ ಹೋಗುತ್ತಿರಲಿಲ್ಲ.

ಮಗಳಿಗೆ ಆರು ವರ್ಷ. ಯಂತ್ರದ ಕೆಳಗೆ, ತುಳಿಯುವ ಪಟ್ಟಿಗೂ ಗೋಡೆಗೂ ನಡುವಿನ ಜಾಗದಲ್ಲಿ, ಚಿಂದಿ ಬಟ್ಟೆಯ ಮೆತ್ತೆಯ ಮೇಲೆ ಮುದುರಿ ಕೂರುತ್ತಿದ್ದಳು. ಹಾಗೆ ಕೂತಾಗ ದಾರದ ಉಂಡೆಯಂತೆ ಕಾಣುತ್ತಾಳೆಂದು ಅಜ್ಜಿ ಅವಳಿಗೆ ಉಂಡೆ ಎಂದೇ ಹೆಸರಿಟ್ಟಿದ್ದರು. ಕೂತವಳು ಅಮ್ಮನ ಎಡಗಾಲಿಗೆ ಒರಗಿಕೊಳ್ಳುತ್ತಿದ್ದಳು. ಹಾಗಾಗಿ ಟೇಲರಮ್ಮ ಎರಡು ವರ್ಷದಿಂದ ಬಲಗಾಲೊಂದರಲ್ಲೇ ಯಂತ್ರ ತುಳಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಬಲಮೊಣಕಾಲು ತನ್ನದಲ್ಲವೇನೋ ಅನ್ನಿಸುತ್ತಿತ್ತು.

ಉಂಡೆಯನ್ನು ಶಾಲೆಗೆ ಸೇರಿಸದೆ ಇರಲಿಲ್ಲ. ಸೇರಿಸಿದ್ದರು, ಮೂರು ತಿಂಗಳು. ಒಂದು ಕೋಣೆಯಲ್ಲಿ ಐವತ್ತು ಮಕ್ಕಳು. ಮೊದಲ ತಿಂಗಳು ಪ್ರತಿ ಬೆಳಗ್ಗೆ ವಾಂತಿ. ಎರಡನೇ ತಿಂಗಳು ವಾಂತಿ ನಿಂತಿತು, ಮಾತೂ ನಿಂತಿತು. ಮೂರನೇ ತಿಂಗಳು ಅಲ್ಲಿನ ಟೀಚರು ಟೇಲರಮ್ಮನನ್ನು ಕರೆಸಿ, “ನಿಮ್ಮ ಮಗೂಗೆ ಮಾತು ಬರುತ್ತೆ ತಾನೇ?” ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ಅದರಿಂದಲೇ ಟೇಲರಮ್ಮನಿಗೆ ಹೆಚ್ಚು ನೋವಾಗಿದ್ದು. ಮರುದಿನದಿಂದ ಪಾಠ ಹೊಲಿಗೆ ಯಂತ್ರದ ಕೆಳಗೇ ನಡೆಯಿತು. ಗುಂಡಿಗಳನ್ನು ಹತ್ತು ಹತ್ತಾಗಿ ಗುಡ್ಡೆ ಹಾಕಿ ಎಣಿಕೆ. ಅಳತೆಯ ಟೇಪು ಹಿಡಿದು ಕೂಡುವುದು, ಕಳೆಯುವುದು. ಗುರುತು ಹಾಕುವ ಸೀಮೆಸುಣ್ಣದಲ್ಲಿ ಚಿಂದಿಯ ಮೇಲೆ ಅಕ್ಷರ. ಬಾಬಿನ್‌ನಲ್ಲಿ ದಾರ ಮುಗಿದಾಗ ಒಂದು ಅಕ್ಷರ, ಇಸ್ತ್ರಿಪೆಟ್ಟಿಗೆ ಕಾಯುವವರೆಗೆ ಇನ್ನೊಂದು.

ಇಬ್ಬರೂ ಕಲಿತರು, ಇಬ್ಬರೂ ಹೈರಾಣಾದರು. ಅಮ್ಮ ಕಕ್ಕಸಿಗೆ ಹೋದರೂ ಉಂಡೆ ಬಾಗಿಲ ಹೊರಗೆ ಕಾಯುತ್ತಿದ್ದಳು.

ಆಗ ತಿಳಿದುಬಂದದ್ದು ಎರಡು ದಿನದ ಶಾಲೆಯ ವಿಷಯ. ಗ್ರಂಥಾಲಯದ ಹಿಂದಿನ ಹಾಲಿನಲ್ಲಿ, ಮನೆಯಲ್ಲೇ ಓದುವ ಮಕ್ಕಳಿಗಾಗಿ, ಮಂಗಳವಾರ ಮತ್ತು ಗುರುವಾರ ಒಂಬತ್ತರಿಂದ ಒಂದರವರೆಗೆ. ಜೇಡಿಮಣ್ಣು, ಹಾಡು, ಗಿಡ ನೆಡುವುದು, ಜೊತೆಯಲ್ಲಿ ಆಡುವುದು. ಉಳಿದ ಪಾಠ ಮನೆಯಲ್ಲೇ. ಈ ವರ್ಷಕ್ಕೆ ಉಳಿದಿದ್ದು ಒಂದೇ ಜಾಗ.

“ವಾರಕ್ಕೆ ಎರಡು ದಿನ ಅಂದ್ರೆ ಅದು ಶಾಲೇನೋ ಸಂತೇನೋ?” ಎಂದರು ಅತ್ತೆ. ಆದರೂ ಗ್ರಂಥಾಲಯದವರೆಗೆ ಹೋಗಿ ಅರ್ಜಿ ತಂದವರು ಅವರೇ.

ಟೇಲರಮ್ಮ ಅರ್ಜಿ ತುಂಬಿದ್ದು ಐದನೆಯ ದಿನ ಮಧ್ಯಾಹ್ನ, ಇಸ್ತ್ರಿ ಮಾಡುವ ಹಲಗೆಯ ಮೇಲೆ. ಕೊನೆಯಲ್ಲಿ ನಾಲ್ಕು ಪ್ರಶ್ನೆ. ಮಗು ಒಬ್ಬಳೇ ಓದುತ್ತಾಳೆಯೇ? ತನ್ನ ಶೂ ದಾರ ತಾನೇ ಕಟ್ಟಿಕೊಳ್ಳುತ್ತಾಳೆಯೇ? ಹೊಸಬರ ಜೊತೆ ಮಾತನಾಡುತ್ತಾಳೆಯೇ? ತಾಯಿಯನ್ನು ಬಿಟ್ಟು ನಾಲ್ಕು ಗಂಟೆ ಇರುತ್ತಾಳೆಯೇ?

ಮಕ್ಕಳ ಬಟ್ಟೆಗೆ ಇದ್ದ ಅಳತೆಯನ್ನೇ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ಹದಿನೈದು ವರ್ಷದಿಂದ ಪ್ರತಿ ತಾಯಿಯೂ ಹೇಳುತ್ತಿದ್ದುದು ಒಂದೇ ಮಾತು: “ಬೆಳೆಯೋ ಮಗು, ಎರಡಿಂಚು ಬಿಟ್ಟು ಹೊಲೀರಿ.” ಇಪ್ಪತ್ತು ಇಂಚು ಅಳೆದರೆ ಪುಸ್ತಕದಲ್ಲಿ ಇಪ್ಪತ್ತೆರಡು ಎಂದು ಬರೆಯುವುದು ಕೈಗೆ ಬಂದುಹೋಗಿತ್ತು. ಉಂಡೆ ಈಗ ಅಕ್ಷರ ಕೂಡಿಸಿ ಓದುತ್ತಾಳೆ, ಇನ್ನಾರು ತಿಂಗಳಿಗೆ ಓದಿಯೇ ಓದುತ್ತಾಳೆ. ಹೌದು ಎಂದು ಬರೆದಳು. ಶೂ ದಾರದ ಒಂದು ಕುಣಿಕೆ ಬರುತ್ತದೆ, ಇನ್ನೊಂದು ಬಂದೀತು. ಹೌದು. ಮೂರನೆಯದಕ್ಕೂ ಹೌದು. ನಾಲ್ಕನೆಯದರ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಕರಕಲು ವಾಸನೆ ಬಂದಂತಾಯಿತು. ಹೌದು ಎಂದು ಗೀಚಿ ಪೆಟ್ಟಿಗೆ ಎತ್ತಿದಳು.

ಸಂಜೆ ಗಂಡ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ಉಜ್ಜಿದರೂ ಉಗುರ ಸಂದಿಯ ಕಪ್ಪು ಹೋಗದು. ಕಪ್ಪು ತಾಗದಂತೆ ಅರ್ಜಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಓದಿದ.

“ಯಾರ ಮಗು ಇದು?”

“ನಮ್ದೇ ಕಣ್ರೀ.”

“ಹಂಗಾ? ಬಹಳ ಜಾಣೆ. ನಮ್ಮನೇಲಿ ಇನ್ನೊಂದಿದೆ, ಮೆಷಿನ್ ಕೆಳಗಡೆ. ಇವಳ ಹತ್ರ ಕಲೀಲಿ ಅಂತ ಹೇಳೋಣ.”

“ತಮಾಷೆ ಮಾಡ್ಬೇಡಿ. ನಂಗೆ ಸಾಕಾಗಿದೆ.”

ಅವನು ಅರ್ಜಿಯನ್ನು ಮಡಿಸಿಟ್ಟ. ಅವಳ ಕಣ್ಣ ಕೆಳಗಿನ ಕಪ್ಪು ಅವನ ಉಗುರಿನ ಕಪ್ಪಿನಷ್ಟೇ ಹಳೆಯದಾಗಿತ್ತು.

ಅರ್ಜಿ ಕೊಟ್ಟ ಮೂರನೇ ದಿನ ಆ ಶಾಲೆಯ ಮೇಡಂ ಫೋನು ಮಾಡಿದರು. ಮಗು ಇಷ್ಟು ಮುಂದಿರುವುದರಿಂದ ದೊಡ್ಡವರ ಗುಂಪಿನಲ್ಲಿ ಕೂರಿಸುತ್ತೇವೆ. ಮಂಗಳವಾರ ಕರೆದುಕೊಂಡು ಬನ್ನಿ, ಒಂದು ಬೆಳಗ್ಗೆ ನೋಡೋಣ. ಒಂದು ಗಂಟೆಯವರೆಗೆ ಉಳಿದರೆ ಜಾಗ ಅವಳದು, ಇಲ್ಲವಾದರೆ ಮುಂದಿನ ವರ್ಷ. ಟೇಲರಮ್ಮ ಆಗಲೇ ನಿಜ ಹೇಳಿಬಿಡಬೇಕಿತ್ತು. “ಆಯ್ತು ಮೇಡಂ” ಎಂದು ಫೋನಿಟ್ಟಳು.

ಆ ವಾರವೇ ಅಂಗಡಿಯವನು ಎಂಬತ್ತು ಅಂಗಿ ಕೇಳಿದ್ದ. ಮಂಗಳವಾರ ಬೆಳಗ್ಗೆ ಮನೆ ಬಿಡುವ ಹೊತ್ತಿಗೆ ಎರಡು ರಾತ್ರಿಯ ನಿದ್ದೆ ಅವಳಿಗೆ ಬಾಕಿ ಇತ್ತು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದ್ದುದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು.

ಹಾಲಿನ ಹೊರಗೆ ಉದ್ದನೆಯ ಪಡಸಾಲೆ, ಗೋಡೆಗೆ ಒರಗಿಸಿದ ಒಂದು ಮರದ ಬೆಂಚು. ಬೆಂಚಿಗೆ ಎದುರಾಗಿ ಹಾಲಿನ ಕಿಟಕಿ.

“ನಾನು ಇಲ್ಲೇ ಕೂತಿರ್ತೀನಿ,” ಎಂದಳು. “ಕಿಟಕೀಲಿ ನೋಡಿದ್ರೆ ಕಾಣ್ತೀನಿ.”

“ಹೋಗಬಾರದು,” ಎಂದಳು ಉಂಡೆ.

“ಹೋಗಲ್ಲ.”

“ಮನೆಗೂ ಹೋಗಬಾರದು.”

“ಎಲ್ಲಿಗೂ ಹೋಗಲ್ಲ ಕಣೇ, ಕಾಲೇ ಇಲ್ಲ ನಂಗೆ.”

ಉಂಡೆ ಅಮ್ಮನ ಎರಡೂ ಕಾಲನ್ನು ನೋಡಿ, ಇವೆ ಎಂದು ಖಾತ್ರಿ ಮಾಡಿಕೊಂಡು, ಒಳಗೆ ಹೋದಳು.

ಹತ್ತು ನಿಮಿಷಕ್ಕೆ ಮೇಡಂ ಹೊರಗೆ ಬಂದರು. ಅರವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ಉಂಡೆಯ ಕೈ, ಇನ್ನೊಂದು ಕೈಯಲ್ಲಿ ಅರ್ಜಿ. ಉಂಡೆಯ ಶೂ ದಾರ ಬಿಚ್ಚಿಹೋಗಿತ್ತು, ಬಾಯಿಗೆ ಬೀಗ ಬಿದ್ದಿತ್ತು.

“ಏನಮ್ಮಾ, ಒಂಬತ್ತು ವರ್ಷದ ಮಕ್ಕಳ ಮಧ್ಯೆ ಕೂರಿಸಿ ಓದು ಅಂತ ಪುಸ್ತಕ ಕೊಟ್ಟೆ. ಮಗು ಬೆವರ್ತಾ ಇದೆ. ಈ ಅರ್ಜಿ ನೀವೇ ಬರೆದಿದ್ದಾ?”

“ಹೌದು ಮೇಡಂ.”

“ಮತ್ತೆ?”

ಟೇಲರಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು. ಸುಳ್ಳು ಹುಡುಕುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ. “ನಾನು ಹೊಲಿಗೆಯವಳು ಮೇಡಂ. ಮಕ್ಕಳ ಬಟ್ಟೆಗೆ ಬೆಳೀಲಿ ಅಂತ ಎರಡಿಂಚು ಬಿಡ್ತೀವಿ. ಇದಕ್ಕೂ… ಹಂಗೇ ಬಿಟ್ಟುಬಿಟ್ಟೆ.”

ಮೇಡಂ ಅವಳನ್ನೂ ಅರ್ಜಿಯನ್ನೂ ಒಂದು ಸುತ್ತು ನೋಡಿದರು. “ಎರಡಿಂಚಲ್ಲಮ್ಮಾ, ಒಂದು ಗಜ ಬಿಟ್ಟಿದ್ದೀರಿ.”

ಟೇಲರಮ್ಮ ಬಗ್ಗಿ ಉಂಡೆಯ ಶೂ ದಾರ ಕಟ್ಟಿದಳು.

“ಓದೋದು, ದಾರ ಕಟ್ಟೋದು, ಅದೆಲ್ಲ ನಾವೇ ಕಲಿಸ್ತೀವಿ. ಸಣ್ಣವರ ಗುಂಪಿಗೆ ಹಾಕ್ತೀನಿ,” ಎಂದರು ಮೇಡಂ. “ಆದ್ರೆ ಈ ನಾಲ್ಕನೇದು ನಿಜ ಆಗ್ಲೇಬೇಕು. ನಾವಿರೋದೇ ಇಬ್ಬರು. ಒಂದು ಮಗು ಬಾಗಿಲಲ್ಲಿ ಅಳ್ತಾ ನಿಂತ್ರೆ ಉಳಿದವರನ್ನ ಯಾರು ನೋಡ್ತಾರೆ? ಒಂದು ಗಂಟೆವರೆಗೂ ಇದ್ರೆ ಇದ್ದ ಹಾಗೆ.”

ಮಗುವನ್ನು ಕರೆದುಕೊಂಡು ಮತ್ತೆ ಒಳಗೆ ಹೋದರು.

ಟೇಲರಮ್ಮ ನೆಟ್ಟಗೆ ಕೂತಳು. ಕಿಟಕಿಯಲ್ಲಿ ಎರಡು ಕಣ್ಣು ಮೂಡಿದವು, ಕೈ ಬೀಸಿದಳು. ಕಣ್ಣು ಮಾಯವಾದವು. ಮತ್ತೆ ಮೂಡಿದವು, ಮತ್ತೆ ಕೈ ಬೀಸಿದಳು. ಒಳಗೆ ಯಾರೋ ಹಾಡು ಶುರುಮಾಡಿದರು. ಪಡಸಾಲೆಯಲ್ಲಿ ಎಳೆಬಿಸಿಲು ಅವಳ ಮೊಣಕಾಲ ಮೇಲೆ ಬಂದು ಬಿತ್ತು. ಎಂಬತ್ತು ಅಂಗಿಯಲ್ಲಿ ಇನ್ನು ಇಪ್ಪತ್ತೆರಡಕ್ಕೆ ಗುಂಡಿಯ ಕಾಜಾ ಆಗಬೇಕು, ಒಂದೊಂದಕ್ಕೆ ಆರು ಕಾಜಾ, ಆರು ಇಪ್ಪತ್ತೆರಡಲೆ… ಲೆಕ್ಕ ಮುಗಿಯಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಪಡಸಾಲೆಯಿಂದ ಹೊರಗೆ ಸರಿದಿತ್ತು. ಗಡಿಯಾರ ಒಂದಕ್ಕೆ ಐದು ನಿಮಿಷ ಎನ್ನುತ್ತಿತ್ತು. ಮಗು ಕಿಟಕಿಗೆ ಬಂದಿರುತ್ತದೆ, ಕೈ ಬೀಸುವವರಿಲ್ಲ. ಅತ್ತಿರುತ್ತದೆ. ಅಷ್ಟು ದೂರದಿಂದ ಬಂದು ನಾನೇ ಎಲ್ಲ ಕೆಡಿಸಿಬಿಟ್ಟೆ. ಕತ್ತು ಮುಟ್ಟಿ ನೋಡಿಕೊಂಡಳು. ಟೇಪು ಇರಲಿಲ್ಲ.

ಬಾಗಿಲಿಗೆ ಓಡಿದಳು. ಒಳಗೆ ನೆಲದ ಮೇಲೆ ಎಂಟು ಮಕ್ಕಳು ಮಣ್ಣಿನ ಹಾವು ಮಾಡಿ ಸಾಲಾಗಿ ಇಟ್ಟಿದ್ದರು. ಉಂಡೆ ಮೊಣಕಾಲೂರಿ ಟೇಪು ಹಿಡಿದು ಒಂದೊಂದನ್ನೇ ಅಳೆಯುತ್ತಿದ್ದಳು. ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, “ನಂದು ಎಷ್ಟು? ಹೇಳೇ, ನಂದು ಎಷ್ಟು?” ಎಂದು ಪೀಡಿಸುತ್ತಿದ್ದಳು.

“ಒಂಬತ್ತು,” ಎಂದಳು ಉಂಡೆ. ಸಣ್ಣ ದನಿ, ಆದರೆ ಕೇಳಿಸಿತು. ಸ್ವಲ್ಪ ಯೋಚಿಸಿ, “ಹನ್ನೊಂದು ಅಂತ ಬರ್ಕೋ,” ಎಂದಳು.

ಮೇಡಂ ಬಾಗಿಲಿಗೆ ಬಂದರು. “ಮೂರು ಸಲ ಹೊರಗೆ ಬಂದು ನಿಮ್ಮನ್ನ ನೋಡ್ಕೊಂಡು ಹೋದಳಮ್ಮ. ಮೊದಲನೇ ಸಲ ಟೇಪು ಎಳ್ಕೊಂಡು ಬಂದಳು. ಮೂರನೇ ಸಲ ನಾನು ಹಿಂದೇನೇ ಬಂದೆ. ಬಾಯಿ ಮೇಲೆ ಬೆರಳಿಟ್ಟು ಶ್ ಅಂತಾಳೆ, ನಂಗೇ! ಹಾಡೋ ಮಕ್ಕಳನ್ನೂ ಮೆಲ್ಲಗೆ ಹಾಡಿಸಿದ್ಲು.”

ಅರ್ಜಿಯನ್ನು ಕೈಗಿತ್ತು, ಸರಿಯಾಗಿ ಬರೆಯಿರಿ ಎಂದರು. ಟೇಲರಮ್ಮ ನಾಲ್ಕೂ ಹೌದುಗಳನ್ನು ಹೊಡೆದುಹಾಕಿ, ಮೊದಲ ಮೂರಕ್ಕೆ ಇನ್ನೂ ಇಲ್ಲ, ಇನ್ನೂ ಇಲ್ಲ, ಸ್ವಲ್ಪ ಎಂದು ಬರೆದಳು. ನಾಲ್ಕನೆಯದರ ಮುಂದೆ ಬಹಳ ಹೊತ್ತು ಯೋಚಿಸಿ, ‘ತಾಯಿ ನಿದ್ದೆ ಮಾಡುತ್ತಿದ್ದರೆ ಇರುತ್ತಾಳೆ’ ಎಂದು ಬರೆದಳು.

ಮೇಡಂ ಓದಿದರು. ಕೆಳಗೆ ರುಜು ಹಾಕಿದರು. “ಗುರುವಾರ ಬರುವಾಗ ಒಂದು ದಿಂಬು ತನ್ನಿ,” ಎಂದರು. ಅದು ತಮಾಷೆಯೋ ಅಪ್ಪಣೆಯೋ ಅವಳಿಗೆ ತಿಳಿಯಲಿಲ್ಲ.

ಗುರುವಾರ ದಿಂಬು ತರಲಿಲ್ಲ, ಆದರೆ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದಳು. ನಿದ್ದೆ ಬರಲಿಲ್ಲ. ಬೇಕಾದಾಗ ಬಾರದ ನಿದ್ದೆ, ಕೂತಲ್ಲೇ ಬಂದಿದ್ದು ಅದೊಂದು ದಿನವೇ. ಮನೆಯಲ್ಲಿ ಕೆಲಸ ರಾಶಿ ಬಿದ್ದಿರುವಾಗ ನಾಲ್ಕು ಗಂಟೆ ಕಣ್ಣು ಮುಚ್ಚಿ ಕೂರುವುದು ಕಾಜಾ ಹಾಕುವುದಕ್ಕಿಂತ ಕಷ್ಟ. ಪುಟ್ಟ ಹೆಜ್ಜೆ ಹತ್ತಿರ ಬರುವುದು, ನಿಲ್ಲುವುದು, ಹಿಂದಿರುಗುವುದು ಕೇಳುತ್ತಿತ್ತು. ಮುಂದಿನ ಮಂಗಳವಾರವೂ ಹೀಗೆಯೇ, ಗುರುವಾರವೂ ಹೀಗೆಯೇ.

“ಹೊಲಿಯೋಕೆ ಬಿಡುವಾಗುತ್ತೆ ಅಂತ ಸೇರಿಸಿದ್ಲು, ಈಗ ನಿದ್ದೆ ನಟಿಸೋದೇ ಇವಳಿಗೆ ನೌಕರಿ,” ಎಂದು ಅತ್ತೆ ಮಗನಿಗೆ ಹೇಳಿದರು. ಹೇಳುತ್ತಲೇ ಸೊಸೆಯ ಪಾಲಿನ ಗುಂಡಿಗಳನ್ನು ತಾವೇ ಹೊಲಿಯುತ್ತಿದ್ದರು.

ನಾಲ್ಕನೇ ವಾರದ ಮಂಗಳವಾರ. ಹೆಜ್ಜೆ ಬಂತು, ನಿಂತಿತು. ಹಿಂದಿರುಗಲಿಲ್ಲ.

“ಅಮ್ಮ.”

ಟೇಲರಮ್ಮ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದಳು.

“ನೀನು ನಿದ್ದೆ ಮಾಡ್ತಿಲ್ಲ. ರೆಪ್ಪೆ ಅಲ್ಲಾಡ್ತಿದೆ.”

ಕಣ್ಣು ಬಿಟ್ಟಳು. ಉಂಡೆ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ನಿಂತಿದ್ದಳು. ಒಂದು ಶೂ ದಾರ ಸರಿಯಾಗಿ ಕಟ್ಟಿತ್ತು, ಇನ್ನೊಂದು ನೆಲದ ಮೇಲೆ ಎಳೆದಾಡುತ್ತಿತ್ತು.

“ಇಲ್ಲಿ ಬೆಂಚು ಗಟ್ಟಿ,” ಎಂದಳು ಮಗಳು, ಸ್ವಲ್ಪ ಬೇಸರದಿಂದ. “ಮನೇಲಿ ಹೋಗಿ ಮಲ್ಕೋ. ಒಂದು ಗಂಟೆಗೆ ಬಾ. ಲೇಟ್ ಮಾಡ್ಬೇಡ.”

ಒಳಗಿನಿಂದ ಎರಡು ಜಡೆಯವಳು ಕೂಗಿದಳು. ಉಂಡೆ ತಿರುಗಿ ನೋಡದೆ ಓಡಿದಳು.

ಟೇಲರಮ್ಮ ಎದ್ದು ಕಿಟಕಿಯಲ್ಲಿ ಒಮ್ಮೆ ಇಣುಕಿದಳು. ಆಮೇಲೆ ಬಸ್ಸು ಹತ್ತಿದಳು.

“ಕೂಸೆಲ್ಲೇ?” ಅತ್ತೆ ಗಾಬರಿಯಿಂದ ಎದ್ದು ನಿಂತರು.

“ಅಲ್ಲೇ ಇದ್ದಾಳೆ.”

“ಒಬ್ಬಳೇನಾ? ನೀನು ಮಲಕ್ಕೋ ಹಂಗಾದ್ರೆ. ಮುಖ ನೋಡ್ಕೊಂಡಿದ್ದೀಯಾ?”

“ಆರು ಲಂಗ ಇದೆ ಅತ್ತೆ. ಮುಗಿಸಿ ಮಲಗ್ತೀನಿ.”

ಯಂತ್ರದ ಮುಂದೆ ಕೂತು ದಾರ ಪೋಣಿಸಿದಳು. ಕೆಳಗೆ ಚಿಂದಿಯ ಮೆತ್ತೆ ಖಾಲಿ ಇತ್ತು. ಒಂದು ಲಂಗದ ಅಂಚು ಮುಗಿಯಿತು, ಇನ್ನೊಂದರದು ಮುಗಿಯಿತು. ಮೂರನೆಯದು ಅರ್ಧವಾದಾಗ ಬಲಮೊಣಕಾಲು ಚುಳ್ಳೆಂದಿತು. ಬಗ್ಗಿ ನೋಡಿದಳು. ಎಡಗಾಲು ಇನ್ನೂ ಮೆತ್ತೆಯ ಪಕ್ಕ, ಯಾರೋ ಒರಗಿದ್ದಾರೆ ಎಂಬಂತೆ, ಅಲ್ಲಾಡದೆ ಕೂತಿತ್ತು.

ಅದನ್ನು ಮೆಲ್ಲಗೆ ಎತ್ತಿ ತುಳಿಯುವ ಪಟ್ಟಿಯ ಮೇಲೆ ಇಟ್ಟಳು.