ಹದಿನಾಲ್ಕನೇ ಮಂಚದ ಅನ್‌ಕೋಆಪರೇಟಿವ್ ಮನುಷ್ಯ

ಸಿಟ್ಟು ಬಂದರೆ ನನಗೆ ಕನ್ನಡ ಬರುತ್ತದೆ. ಮನೆಯಲ್ಲಿ ನಮ್ಮದು ಕೊಂಕಣಿ, ಅಂಗಡಿಯಲ್ಲಿ ಹಿಂದಿ, ಟ್ಯಾಕ್ಸಿಯಲ್ಲಿ ಹತ್ತು ಪದಗಳ ಅರಬ್ಬಿ. ಮಗಳ ಜೊತೆ ನಾನು ಯಾವ ಭಾಷೆಯಲ್ಲಿ ಮಾತಾಡಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಆದರೆ ಯಾರನ್ನಾದರೂ ಬೈಯಬೇಕಾಗಿ ಬಂದರೆ ಬಂಟ್ವಾಳದ ಶಾಲೆಯ ಕನ್ನಡ, ವಿಭಕ್ತಿ ಪ್ರತ್ಯಯಗಳ ಸಮೇತ, ನಾಲಿಗೆಯ ಮೇಲೆ ಬಂದು ಕೂರುತ್ತದೆ. ನಮ್ಮ ಕನ್ನಡ ಟೀಚರು ಪದ್ಯ ಹೇಳಿಕೊಟ್ಟದ್ದಕ್ಕಿಂತ ನಮ್ಮನ್ನು ಬೈದದ್ದೇ ಹೆಚ್ಚು. ಅದರ ಫಲ ಇರಬೇಕು.

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಕುವೈತಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪ್ರಾಕ್ಟಿಕಲ್ ನರ್ಸಿಂಗ್ ಕಲಿಯಲು ಸೇರಿದೆ. ಅದಕ್ಕೆ ಮೊದಲು ಹನ್ನೊಂದು ವರ್ಷ ಒಂದು ಕ್ಲಿನಿಕ್ಕಿನ ಗಾಜಿನ ಕೌಂಟರಿನ ಹಿಂದೆ ಕುಳಿತು ಟೋಕನ್ ಕೊಡುತ್ತಿದ್ದೆ. ಕಾಯಿಲೆಯವರ ಮುಖ ನೋಡಿ ನಂಬರು ಕೊಟ್ಟು ಕೊಟ್ಟು ಸಾಕಾಗಿತ್ತು; ಒಬ್ಬರ ಕೈಯನ್ನಾದರೂ ಹಿಡಿಯಬೇಕು ಅನ್ನಿಸುತ್ತಿತ್ತು. ಶರ್ಕ್ ಬಡಾವಣೆಯ ಆಫೀಸಿನಿಂದ ಬಂದ ಗಂಡ ಅರ್ಜಿಯನ್ನು ನೋಡಿ, "ಈ ಪ್ರಾಯದಲ್ಲಿ ಪರೀಕ್ಷೆ ಬರೀತೀಯಾ ಮಾರಾಯ್ತಿ?" ಎಂದರು. ಬರೆದೆ. ಇಪ್ಪತ್ತು ವರ್ಷದ ಹುಡುಗಿಯರು ನನ್ನನ್ನು ಆಂಟಿ ಎಂದು ಕರೆದು, ನನ್ನ ನೋಟ್ಸನ್ನೇ ಕಾಪಿ ಮಾಡಿಕೊಳ್ಳುತ್ತಿದ್ದರು. ತರಗತಿಗೆ ನಾನೇ ಮೊದಲು ಎಂಬ ಜಂಬವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಅದೇ ನನಗೆ ಮುಳುವಾಯಿತು.

ಅಂಗರಚನೆಯ ಪಾಠದಲ್ಲಿ ನನಗೊಂದು ಸಂಗತಿ ತಿಳಿಯಿತು. ಸಿಟ್ಟು ಬಂದವರಿಗೆ ಪಿತ್ತ ನೆತ್ತಿಗೇರಿತು ಎನ್ನುತ್ತೇವಲ್ಲ? ಪಿತ್ತ ಇರುವುದು ಯಕೃತ್ತಿನ ಅಡಿಯ ಸಣ್ಣ ಚೀಲದಲ್ಲಿ. ಅಲ್ಲಿಂದ ಕರುಳಿಗೆ ಇಳಿಯಲು ನಾಳವಿದೆ, ನೆತ್ತಿಗೆ ಏರಲು ದಾರಿಯೇ ಇಲ್ಲ. ನಮ್ಮ ಹಿರಿಯರು ದೇಹ ಕೊಯ್ದು ನೋಡಿರಲಿಲ್ಲ ಎಂದು ನಕ್ಕಿದ್ದೆ. ವಾರ್ಡಿಗೆ ಕಾಲಿಟ್ಟ ಮೂರನೇ ದಿನ ಆ ದಾರಿ ನನಗೆ ಸಿಕ್ಕಿತು.

ಮೊದಲ ಆರು ತಿಂಗಳು ನಮಗೆ ರೋಗಿ ಎಂದರೆ ಒಂದು ರಬ್ಬರ್ ಬೊಂಬೆ. ಅದರ ಮೂಗಿಗೆ ನಳಿಗೆ ತೂರಿಸಿದೆವು, ಸೊಂಟಕ್ಕೆ ಸೂಜಿ ಚುಚ್ಚಿದೆವು, ದಿನಕ್ಕೆ ನಾಲ್ಕು ಸಲ ಸ್ನಾನ ಮಾಡಿಸಿದೆವು. ಒಮ್ಮೆಯೂ ಬೇಡ ಅನ್ನಲಿಲ್ಲ. ನಮ್ಮ ಬೋಧಕಿ ಸಾಮಿಯಾ ಮೇಡಂ ಆ ಬಳಿಕ ನಮ್ಮನ್ನು ಆಸ್ಪತ್ರೆಯ ಸರ್ಜರಿ ವಾರ್ಡಿಗೆ ಕರೆದೊಯ್ದರು. ಅಲ್ಲಿನ ನಿಯಮ ಸರಳ: ವಿದ್ಯಾರ್ಥಿಗಳು ನೋಡಬೇಕು, ಬರೆದುಕೊಳ್ಳಬೇಕು, ಮೇಡಂ ಎದುರಿಗಿಲ್ಲದಾಗ ರೋಗಿಯೊಂದಿಗೆ ಮಾತಾಡಬಾರದು.

ಹದಿನಾಲ್ಕನೇ ಮಂಚದಲ್ಲಿದ್ದವನು ಸಬ್ಹಾನ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕೆಲಸಗಾರ. ತಗಡು ಮಡಿಸುವ ಯಂತ್ರಕ್ಕೆ ಬಲಗೈ ಸಿಕ್ಕಿ ಮೂರು ಬೆರಳು ಜಜ್ಜಿಹೋಗಿದ್ದವು. ಹೊಲಿಗೆ ಹಾಕಿ ಬ್ಯಾಂಡೇಜು ಕಟ್ಟಿದ್ದರು. ಡ್ರೆಸಿಂಗ್ ಬದಲಿಸಲು ಟ್ರೇ ಬಂದ ಕೂಡಲೇ ಆತ ಕೈಯನ್ನು ಕಂಕುಳಿಗೆ ಸೇರಿಸಿ ಗೋಡೆಯ ಕಡೆ ತಿರುಗುತ್ತಿದ್ದ. ಚಾರ್ಟಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತು: ಅನ್‌ಕೋಆಪರೇಟಿವ್. ಅದರ ಮೇಲೆ ಹೆಸರು: ಹನುಮಂತಪ್ಪ.

ಆ ಹೆಸರು ಓದಿದ ಕ್ಷಣವೇ ಇವನು ನಮ್ಮ ಕಡೆಯವನೆಂದು ನನಗೆ ಗೊತ್ತಾಯಿತು. ಆದರೂ ಮಾತಾಡಿಸಲಿಲ್ಲ. ನಿಯಮವಿತ್ತು, ಮಾರ್ಕಿತ್ತು, ನಾನು ಮೊದಲ ಸ್ಥಾನದವಳು. ಅದೇ ಪದವನ್ನು ನನ್ನ ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದುಕೊಂಡು ಅಡಿಗೆರೆಯನ್ನೂ ಎಳೆದೆ.

ಮೂರನೇ ದಿನ ಬೆಳಿಗ್ಗೆ ವಾರ್ಡಿನ ನರ್ಸ್ ಬಂದಳು. ಅವಳಿಗೆ ಅವನ ಭಾಷೆ ಬಾರದು, ಅವನಿಗೆ ಅವಳದು ಬಾರದು. ಬ್ಯಾಂಡೇಜು ಕತ್ತರಿಸಿ ತೆಗೆಯುತ್ತೇನೆ ಎಂದು ತಿಳಿಸಲು ಎರಡು ಬೆರಳನ್ನು ಕತ್ತರಿ ಮಾಡಿ ಅವನ ಕೈಯ ಮೇಲೆ ಆಡಿಸಿ ತೋರಿಸಿದಳು. ಅವನು ಮಂಚದ ಮೂಲೆಗೆ ಸರಿದ. ಇನ್ನೂ ಹದಿನೆಂಟು ಮಂಚ ಬಾಕಿಯಿದ್ದ ಆಕೆ ನನ್ನ ಕಡೆ ನೋಡಿ ತಲೆಯಾಡಿಸಿ ಹೋದಳು. ಅವಳ ಹಿಂದೆ ಬಂದ ಡಾಕ್ಟರು, ಕೀವು ತುಂಬುತ್ತಿದೆ, ಇವತ್ತು ಬಿಚ್ಚದಿದ್ದರೆ ಬೆರಳುಗಳು ಉಳಿಯುವುದಿಲ್ಲ ಎಂದರು.

ಮೇಡಂ ಸುತ್ತಮುತ್ತ ಇರಲಿಲ್ಲ. ನಾನು ಕೇಳಿಯೇಬಿಟ್ಟೆ. "ಯಾಕೆ ಅಣ್ಣ, ಕೈ ಯಾಕೆ ಕೊಡ್ತಾ ಇಲ್ಲ?"

ಆತ ಗೋಡೆಯೇ ಮಾತಾಡಿತೇನೋ ಎಂಬಂತೆ ನೋಡಿದ. "ನೀವು ಕನ್ನಡದವ್ರೇನ್ರಿ? ಮೊನ್ನಿಂದ ಇಲ್ಲೇ ನಿಂತೀರಲ್ರೀ! ಮಾತಾಡಲಿಲ್ಲ ಯಾಕ?"

ನಾನು ನೋಟ್‌ಬುಕ್ ಮುಚ್ಚಿದೆ. ಅವನೇ ಮುಂದುವರಿಸಿದ. "ಆ ಸಿಸ್ಟರ್ ದಿನಾ ಬಂದು ಬೆರಳ ಕತ್ತರಸ್ತೀನಿ ಅಂತಾಳ್ರೀ. ಬೆರಳಿಲ್ಲಂದ್ರ ಕಂಪನಿಯಾಗ ಖಲಾಸ್ ಅಂತಾರ. ಹೆಂಗ ಕೊಡ್ಲಿ ಕೈ?"

ಆಗಲೇ ನನ್ನ ಪಿತ್ತ ದಾರಿ ಕಂಡುಕೊಂಡದ್ದು. ಒಂದು ಕತ್ತರಿಯ ಸನ್ನೆ, ಮೂರು ದಿನ, ಒಂದು ದೊಡ್ಡ ಇಂಗ್ಲಿಷ್ ಪದ! ಆ ಆವೇಶದಲ್ಲೇ ಹೇಳಿದೆ, "ಬಟ್ಟೆ ಕತ್ತರಿಸೋದು ಅಣ್ಣ, ಬೆರಳಲ್ಲ. ಬೆರಳಿಗೆ ಏನೂ ಆಗುವುದಿಲ್ಲ. ನಾನು ಹೇಳ್ತೇನಲ್ಲ, ಕೈ ಕೊಡಿ."

ಕೊಟ್ಟ. ನರ್ಸನ್ನು ಓಡಿಹೋಗಿ ಕರೆತಂದೆ. ಬಟ್ಟೆ ಬಿಚ್ಚಿದಾಗ ಎರಡು ಬೆರಳು ಊದಿಕೊಂಡಿದ್ದವು, ಕಿರುಬೆರಳಿನ ತುದಿ ಕಪ್ಪಾಗಿತ್ತು. ಆ ಬೆರಳನ್ನು ಅಂದೇ ಮಧ್ಯಾಹ್ನ ತೆಗೆದರು. ಒಳಗೆ ಕರೆದೊಯ್ಯುವಾಗ ಹನುಮಂತಪ್ಪ ಕೂಗಾಡಲಿಲ್ಲ, ನನ್ನನ್ನೇ ನೋಡುತ್ತಾ ಹೋದ.

ಸಾಮಿಯಾ ಮೇಡಂ ನನ್ನನ್ನು ಕಾರಿಡಾರಿಗೆ ಕರೆದು, ಅವನಿಗೆ ಏನು ಹೇಳಿದೆ ಎಂಬುದನ್ನು ನನ್ನ ಬಾಯಿಂದಲೇ ಹೇಳಿಸಿದರು. ನಡತೆಗೆ ಸೊನ್ನೆ, ಎರಡು ವಾರದ ವಾರ್ಡ್ ತರಬೇತಿ ಮತ್ತೆ ಮೊದಲಿನಿಂದ. "ಏನೂ ಆಗುವುದಿಲ್ಲ ಎಂದು ಮಾತು ಕೊಡಲು ನೀನು ಯಾರು, ಲವೀನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸಿಡಿದೆ. ಬಂಟ್ವಾಳದ ಟೀಚರಿಂದ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಅಲ್ಲಿ ಸುರಿದೆ. ಮೇಡಂ ಒಂದಕ್ಷರ ಅರ್ಥವಾಗದಿದ್ದರೂ ಕೈಕಟ್ಟಿ ಪೂರ್ತಿ ಕೇಳಿದರು. ಕೊನೆಗೆ ನಾನು ಇಂಗ್ಲಿಷಿಗೆ ಇಳಿದೆ. "ಚಾರ್ಟಿನಿಂದ ಆ ಪದ ತೆಗೆಸಿ. ಅವನ ಭಯ ಏನೆಂದು ಯಾರೂ ಕೇಳಲಿಲ್ಲ."

ಮೇಡಂ ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಮೊದಲ ದಿನದ ಪುಟ ತೆರೆದು, ಅಡಿಗೆರೆ ಎಳೆದ ಪದದ ಮೇಲೆ ಬೆರಳಿಟ್ಟರು. "ಇದು ಯಾರ ಅಕ್ಷರ?"

ಅಷ್ಟು ಹೊತ್ತು ಎಲ್ಲರ ಮೇಲಿದ್ದ ಸಿಟ್ಟು ತಿರುಗಿ ನನ್ನ ಎದೆಗೇ ಬಂದು ಕುಳಿತಿತು. ಇವತ್ತಿಗೂ ಪೂರ್ತಿ ಎದ್ದುಹೋಗಿಲ್ಲ. ಮರುದಿನ ಚಾರ್ಟಿನಲ್ಲಿ ಹೊಸದೊಂದು ಸಾಲಿತ್ತು: ರೋಗಿಗೆ ಅವನ ಭಾಷೆಯಲ್ಲಿ ವಿವರಿಸಲಾಗಿದೆ. ಕೆಳಗೆ ಮೇಡಂ ಸಹಿ. ಹಳೆಯ ಪದ ಮಾತ್ರ ಮೇಲೆ ಹಾಗೇ ಇತ್ತು, ಶಾಯಿಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲವಂತೆ. ಒಬ್ಬ ಮನುಷ್ಯನ ಬಗ್ಗೆ ಸುಳ್ಳು ಬರೆಯಲು ಅರೆ ನಿಮಿಷ ಸಾಕು, ಅಳಿಸಲು ಮಾತ್ರ ಕಾಯ್ದೆ ಅಡ್ಡ!

ಆಸ್ಪತ್ರೆಯಿಂದ ಹೊರಡುವ ದಿನ ಹನುಮಂತಪ್ಪ ತಾನಾಗಿಯೇ ನನ್ನನ್ನು ಕರೆದ. ಕಂಪನಿಯವರು ಪ್ಯಾಕಿಂಗ್ ಕೆಲಸಕ್ಕೆ ಹಾಕುವುದಾಗಿ ಒಪ್ಪಿದ್ದರಂತೆ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ. "ಎರಡು ಉಳದಾವಲ್ರೀ, ಸಾಕು. ಆದ್ರ ಅಕ್ಕಾರ, ಇನ್ನ ಮುಂದ ಯಾರಿಗೂ ಏನೂ ಆಗಂಗಿಲ್ಲ ಅನಬ್ಯಾಡ್ರಿ. ಗೊತ್ತಿದ್ದಷ್ಟ ಹೇಳ್ರಿ. ಆಮ್ಯಾಲ ಬಿಟ್ಟು ಹೋಗಬ್ಯಾಡ್ರಿ."

ಮತ್ತೆ ಮೊದಲಿನಿಂದ ಶುರುವಾದ ತರಬೇತಿಯಲ್ಲಿ, ಮೇಡಂ ಪಕ್ಕದಲ್ಲಿ ನಿಂತಿರುವಾಗ, ಬೊಂಬೆ ಬಿಟ್ಟು ಮನುಷ್ಯರಿಗೆ ನಾನು ಮೊದಲ ಸಲ ಸೂಜಿ ಹಿಡಿದದ್ದು ಒಬ್ಬ ವಯಸ್ಸಾದ ಹೆಂಗಸಿಗೆ. ನೋಯುತ್ತದಾ ಎಂದು ಆಕೆ ಹಿಂದಿಯಲ್ಲಿ ಕೇಳಿದರು. ನೋಯುತ್ತದೆ ಎಂದೆ. ಅವರು ಮುಖ ಸಿಂಡರಿಸಿ, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಅಂಗಿಯ ತೋಳನ್ನು ತಾವೇ ಮೇಲಕ್ಕೆ ಮಡಚಿ ಕೈ ಕೊಟ್ಟರು.