ಹನ್ನೆರಡು ರಾತ್ರಿಯ ಬಾಡಿಗೆ

ಇದು ಮೂರು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು, ನಮ್ಮ ಕಡೆ ತೊಗರಿ ರಾಶಿ ನಡೆದಿದ್ದ ದಿನಗಳು. ನಾನು ರಾಯಚೂರಿನ ಅಂಚಿನಲ್ಲಿರುವ ಒಂದು ತರಬೇತಿ ಕೇಂದ್ರದಲ್ಲಿ ಮೋಟಾರ್ ವೈಂಡಿಂಗ್ ಕಲಿಸುತ್ತೇನೆ. ಸುಟ್ಟ ಮೋಟಾರಿನಿಂದ ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೂರಿಸುವ ಕೆಲಸ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಪಂಪ್‌ಸೆಟ್ಟು ಎಲ್ಲಕ್ಕೂ ಇದು ಬೇಕು. ಆ ವರ್ಷ ಹೊರಗಿನ ಕಂಪನಿಗಳು ಊರಿಗೆ ಬರತೊಡಗಿದ್ದವು. ನಮ್ಮ ರಾಜ್ಯ ಬೇರೆ ರಾಜ್ಯಗಳಿಗಿಂತ ಹಿಂದೆ ಬೀಳಬಾರದು, ಕೈಕೆಲಸ ಬಲ್ಲವರನ್ನು ತಯಾರು ಮಾಡಿ ಎಂದು ಮೇಲಿನಿಂದ ವಾರಕ್ಕೊಂದು ಪತ್ರ ಬರುತ್ತಿತ್ತು. ನಾವು ಅದನ್ನು ಫೈಲಿಗೆ ಹಾಕಿ ಕಟ್ಟುತ್ತಿದ್ದೆವು.

ಆ ಬ್ಯಾಚಿನಲ್ಲಿ ಇದ್ದ ಒಬ್ಬಳೇ ಹುಡುಗಿ ಮಾಳಮ್ಮ. ಮಾನ್ವಿ ತಾಲೂಕಿನ ಕುರ್ಡಿಯವಳು. ಅಪ್ಪ ಬೀರಪ್ಪ ಕುರಿ ಕಾಯುವವನು. ಈ ಹುಡುಗಿ ಚಿಕ್ಕಂದಿನಿಂದ ಉಣ್ಣೆ ನೂತವಳು, ತಂತಿ ಹಿಡಿದರೆ ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ. ಇಪ್ಪತ್ತು ವರ್ಷ ಕಲಿಸಿದವನು ಹೇಳುತ್ತಿದ್ದೇನೆ, ಅಂಥ ಕೈ ನಾನು ನೋಡಿರಲಿಲ್ಲ. ಆದರೆ ದಿನಾ ತಡ. ನಮ್ಮಲ್ಲಿ ಒಂಬತ್ತೂವರೆಯೊಳಗೆ ಮಷೀನಿಗೆ ಬೆರಳು ಒತ್ತಬೇಕು. ಒತ್ತದಿದ್ದರೆ ಅವತ್ತು ಗೈರುಹಾಜರಿ. ಹಾಜರಿ ಕಡಿಮೆಯಾದರೆ ಹೆಸರು ಹೊಡೆದುಹಾಕುತ್ತಾರೆ, ಸರ್ಟಿಫಿಕೇಟು ಇಲ್ಲ, ಕಂಪನಿ ಕೆಲಸವೂ ಇಲ್ಲ. ಅವಳ ಊರಿನ ಬಸ್ಸು ರಾಯಚೂರು ಮುಟ್ಟುವಾಗಲೇ ಹತ್ತಾಗುತ್ತಿತ್ತು.

"ಏನವ್ವಾ, ಇವತ್ತೂ ಲೇಟಾ?" ಎಂದೆ ಒಂದು ದಿನ.

"ಬಸ್ಸು ಹಂಗ ಬರ್ತದ್ರಿ ಸರ್, ನಾ ಏನ್ ಮಾಡ್ಲಿ?"

"ಬಸ್ಸಿನ ಕಥಿ ಮಷೀನಿಗೆ ತಿಳಿಯಂಗಿಲ್ಲ. ಇಲ್ಲೇ ಒಂದು ಖೋಲಿ ಹಿಡಿ."

"ತಿರುಗಿ ಕೇಳೀನ್ರಿ. ಒಬ್ಬಾಕಿಗೆ ಕೊಡಂಗಿಲ್ಲ ಅಂತಾರ. ಕೊಡ್ತೀನಿ ಅಂದೋರು ಕೇಳೋ ಅಡ್ವಾನ್ಸ್ ಕೊಟ್ರ, ನಮ್ಮಪ್ಪ ಅರ್ಧ ಹಿಂಡು ಮಾರಬೇಕ್ರಿ."

ಸುಳ್ಳಲ್ಲ. ಕಂಪನಿಯವರು ಬಂದ ಮೇಲೆ ನಮ್ಮ ಬಡಾವಣೆಯ ಬಾಡಿಗೆ ಎರಡೇ ವರ್ಷದಲ್ಲಿ ಎಲ್ಲಿಂದೆಲ್ಲಿಗೋ ಹೋಗಿತ್ತು. ಹಿತ್ತಲ ಶೆಡ್ಡಿಗೂ ಬಣ್ಣ ಬಳಿದು 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ತೂಗುಹಾಕುತ್ತಿದ್ದರು. ನನಗೂ ಆ ಗಾಳಿ ತಾಕಿತ್ತು. ನಮ್ಮ ಮನೆಯ ಮೇಲೆ ಒಂದು ಸಣ್ಣ ಮನೆಯಿದೆ. ಅದನ್ನು ಖಾಲಿ ಮಾಡಿಸಿ, ಮೈಸೂರು ಕಡೆಯ ಒಬ್ಬ ಕಂಪನಿ ಎಂಜಿನಿಯರಿಗೆಂದು ಕಾಯ್ದಿಟ್ಟಿದ್ದೆ. ಮಾಳಮ್ಮನಿಗೆ ಈ ವಿಷಯ ಹೇಳಲಿಲ್ಲ.

ಮುಂದಿನ ಭಾನುವಾರ ಬೀರಪ್ಪ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ತಂಬಿಗೆ ತುಪ್ಪ. ಒಳಗೆ ಬರ್ರಿ ಎಂದರೂ ಬಾಗಿಲ ಹತ್ತಿರವೇ ಕುಳಿತ. ತಲೆಯೆತ್ತಿ ನೋಡಿ ನೇರವಾಗಿ ಕೇಳಿದ.

"ಮ್ಯಾಗಿನ ಮನಿ ಯಾರದ್ರಿ ಮಾಸ್ತರ್ರೆ?"

"ನಮ್ಮದೇ."

"ಕೀಲಿ ಬಿದ್ದದಲ್ರಿ?"

ಕಂಪನಿಯವರು ಕೇಳಿದ್ದಾರೆ, ಬಾಡಿಗೆ ಇಷ್ಟು ಎಂದೆ. ಅವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು.

"ಇದೇನು ಉಲ್ಟಾ ಆತಲ್ರಿ! ನಾವು ಯಾರದರ ಹೊಲದಾಗ ಕುರಿ ತರುಬಿದ್ರ ಹೊಲದವ್ರೇ ನಮಗ ಜ್ವಾಳ ಅಳೀತಾರ. ಇಲ್ಲಿ ಇರೋರೇ ಕೊಡಬೇಕೇನ್ರಿ?"

ಕುರಿ ತರುಬುವುದೆಂದರೆ ಬೆಳೆ ತೆಗೆದ ಖಾಲಿ ಹೊಲದಲ್ಲಿ ರಾತ್ರಿ ಹಿಂಡನ್ನು ಬಲೆಯೊಳಗೆ ಕೂಡಿಹಾಕುವುದು. ಹಿಕ್ಕೆ, ಗಂಜಲ ಎಲ್ಲಾ ಮಣ್ಣಿಗೆ ಬೀಳುತ್ತದೆ. ಅದರ ಮುಂದೆ ಅಂಗಡಿ ಗೊಬ್ಬರ ಏನೂ ಅಲ್ಲ. ಹೀಗಾಗಿ ರೈತರೇ ಕುರಿಯವರನ್ನು ಕರೆದು, ರಾತ್ರಿಗಿಷ್ಟು ಎಂದು ಕಾಳು ಕೊಟ್ಟು ಇರಿಸಿಕೊಳ್ಳುತ್ತಾರೆ. ಅವನ ಮಟ್ಟಿಗೆ ಇನ್ನೊಬ್ಬರ ಜಾಗದಲ್ಲಿ ಇರುವುದೇ ಒಂದು ದುಡಿಮೆ. ನನಗೆ ನಗು ಬಂತು, ನಕ್ಕೆ. ಅವನೂ ನಕ್ಕ.

ಆಮೇಲೆ, "ನಿಮ್ಮದು ದೇವದುರ್ಗದ ಕಡಿ ಹೊಲ ಅದ ಅಂತಲ್ರಿ?" ಎಂದ. ಮಗಳು ಹೇಳಿದ್ದಳು ಅಂತ ಕಾಣುತ್ತದೆ. ಇದೆ, ಈರಣ್ಣ ಅನ್ನುವವರು ಪಾಲಿಗೆ ಮಾಡುತ್ತಾರೆ ಎಂದೆ.

"ಹಂಗಾದ್ರ ಹನ್ನೆರಡು ರಾತ್ರಿ ನಿಮ್ಮ ಹೊಲದಾಗ ಕುರಿ ತರುಬತೀನ್ರಿ. ಕಾಳು ಬ್ಯಾಡ. ಕೋರ್ಸ್ ಮುಗಿಯೋಮಟ ಮಗಳು ಮ್ಯಾಗ ಇರ್ತಾಳ. ಏನಂತೀರಿ?"

ಕುರ್ಡಿ ಎಲ್ಲಿ, ದೇವದುರ್ಗ ಎಲ್ಲಿ! ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಒಳಗೆ ಊಟ ಬೇರೆ ಆರುತ್ತಿತ್ತು. "ಆತಪ್ಪಾ ಆತು, ನೀ ಕುರಿ ತರುಬು, ಮಗಳನ್ನ ಇಲ್ಲಿಡು" ಎಂದುಬಿಟ್ಟೆ. ಅಷ್ಟರಲ್ಲಿ ನನ್ನ ಹೆಂಡತಿ ಶಾಂತಾ ಬಂದವರಿಗೆ ಕೊಡುವಂತೆ ಎಲೆ ಅಡಿಕೆಯ ತಟ್ಟೆ ತಂದಿಟ್ಟಳು. ನಾನೇ ಎತ್ತಿ ಅವನ ಕೈಗೆ ಕೊಟ್ಟೆ. ಅವನು ಎರಡೂ ಕೈಯೊಡ್ಡಿ ಇಸಕೊಂಡು, ಹಣೆಗೆ ಒತ್ತಿಕೊಂಡು, ಕಂಬಳಿಯ ತುದಿಗೆ ಕಟ್ಟಿಕೊಂಡು ಹೋದ. ಹೊಲದವರು ಕುರಿಯವನಿಗೆ ಎಲೆ ಅಡಿಕೆ ಕೊಟ್ಟರೆ ಮಾತು ಪಕ್ಕಾ ಆದಂತೆ, ಹಿಂಡು ಹೊರಡಲೇಬೇಕು ಎನ್ನುವುದು ನನಗೆ ಆಮೇಲೆ ತಿಳಿಯಿತು. ಹುಟ್ಟಿದ್ದು ದೇವದುರ್ಗದಲ್ಲಾದರೂ ಬೆಳೆದದ್ದೆಲ್ಲ ರಾಯಚೂರು ಪೇಟೆಯಲ್ಲಿ.

ವಾರದೊಳಗೆ ಎಂಜಿನಿಯರ್ ಬಂದು ಮೇಲಿನ ಮನೆ ಸೇರಿದರು. ಒಳ್ಳೆಯ ಮನುಷ್ಯರೇ. ಸದ್ದಿಲ್ಲ, ಗದ್ದಲವಿಲ್ಲ. ಮಾಳಮ್ಮ ಮತ್ತೆ ತಡವಾಗಿ ಬರುತ್ತಲೇ ಇದ್ದಳು. ಆದರೆ ಮುಖದಲ್ಲಿ ಮೊದಲಿನ ಚಿಂತೆ ಇರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ.

ಒಂದು ದಿನ ಈರಣ್ಣನ ಫೋನು.

"ಧಣೀ, ಯಾರೋ ಬೀರಪ್ಪ ಅಂತ ನಮ್ಮ ಹೊಲದಾಗ ಕುರಿ ತರುಬ್ಯಾನ. ಕುರ್ಡಿಯಿಂದ ನಡ್ಕೊಂಡ ಬಂದಾನಂತ. ಇವತ್ತಿಗೆ ಹನ್ನೊಂದು ರಾತ್ರಿ ಆತು. ಜ್ವಾಳ ಕೊಡಾಕ ಹೋದ್ರ ಒಲ್ಲೆ ಅಂತಾನ. ಮಾಸ್ತರ ಕೂಡ ಮಾತಾಗೇದ ಅಂತಾನ. ಏನ್ ಮಾತಾಗೇದ್ರಿ?"

ಏನೂ ಇಲ್ಲ, ಆಮೇಲೆ ಹೇಳ್ತೀನಿ ಎಂದು ಫೋನು ಇಟ್ಟೆ.

ಮೂರನೆಯ ದಿನ ಸಂಜೆ ಮಾಳಮ್ಮ ಒಂದು ಟ್ರಂಕು, ಒಂದು ಕಂಬಳಿ ಹಿಡಿದು ನಮ್ಮ ಮನೆಯ ಮುಂದೆ ನಿಂತಿದ್ದಳು. "ಅಪ್ಪ ಕಳಿಸ್ಯಾನ್ರಿ ಸರ್. ಹನ್ನೆರಡು ರಾತ್ರಿ ಮುಗಿದ್ವಂತ" ಎಂದಳು. ಹೇಳುತ್ತಲೇ ತಲೆಯೆತ್ತಿ ನೋಡಿದಳು. ಮೇಲೆ ಹಗ್ಗದ ಮೇಲೆ ಎಂಜಿನಿಯರರ ಅಂಗಿಗಳು ಒಣಗುತ್ತಿದ್ದವು. ಅವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಶಾಂತಾ ನನ್ನನ್ನು ಒಳಗೆ ಕರೆದು, "ಒಳಗಿನ ಖೋಲ್ಯಾಗ ಇರ್ಲಿ ತಗೋರಿ, ನಮಗೇನು ಭಾರ?" ಎಂದಳು. ನಾನು ಒಪ್ಪಲಿಲ್ಲ. ಇವತ್ತು ಒಬ್ಬಳನ್ನು ಇಟ್ಟುಕೊಂಡರೆ ನಾಳೆ ಇಡೀ ಬ್ಯಾಚು ಬರುತ್ತದೆ, ಜನ ಏನಂದಾರು ಎಂದೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ ಕುರಿ ಕಾಯುವವರ ಹುಡುಗಿ, ನಮ್ಮದು ಮಡಿ ಮೈಲಿಗೆಯ ಮನೆ ಎನ್ನುವುದೂ ತಲೆಯಲ್ಲಿತ್ತು. ಅವಳನ್ನು ಅವತ್ತು ಪರಿಚಯದವರೊಬ್ಬರ ಮನೆಯಲ್ಲಿ ಮಲಗಿಸಿ, ನಾಲ್ಕು ದಿನ ಖೋಲಿ ಹುಡುಕಿದೆ. ಎಲ್ಲಿ ಹೋದರೂ ಅದೇ ರಾಗ: ಫ್ಯಾಮಿಲಿಗೆ ಮಾತ್ರ, ಇಲ್ಲವೇ ಕಂಪನಿಯವರಿಗೆ. ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ. ಮಾಳಮ್ಮ ಟ್ರಂಕು ಎತ್ತಿಕೊಂಡು ಊರಿಗೆ ಹೋದಳು, ಮತ್ತೆ ಅದೇ ಬಸ್ಸು.

ತಿಂಗಳ ಕೊನೆಗೆ ಹಾಜರಿ ಪಟ್ಟಿ ಬಂತು. ಅವಳ ಹೆಸರಿನ ಮುಂದೆ ಕೆಂಪು ಗೆರೆ. ಬೋಧಕರ ಸಹಿ ಬೇಕಿತ್ತು. ಹಾಕಿದೆ. "ಬರ್ತೀನ್ರಿ ಸರ್" ಎಂದಳು. ತಾನು ಅರ್ಧ ಸುತ್ತಿದ್ದ ಮೋಟಾರನ್ನು ಪಕ್ಕದವನಿಗೆ ಒಪ್ಪಿಸಿ, ಎಲ್ಲಿಗೆ ಬಂದಿದೆ ಎಂದು ತೋರಿಸಿ ಹೋದಳು.

ನಾನು ಬೀರಪ್ಪನಿಗೆ ಫೋನು ಮಾಡಿದೆ. ಹನ್ನೆರಡು ರಾತ್ರಿಗೆ ಎಷ್ಟಾಗುತ್ತದೆ ಹೇಳು, ಕಾಳಾದರೂ ಸರಿ, ರೊಕ್ಕವಾದರೂ ಸರಿ ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

"ನಾ ಕಾಳಿಗಿ ತರುಬಿಲ್ಲಲ್ರಿ ಮಾಸ್ತರ್ರೆ. ಹಿಕ್ಕಿ ನಿಮ್ಮ ಹೊಲದಾಗ ಬಿತ್ತು. ಅದನ್ನ ಆರಿಸ್ಕೊಂಡು ತಿರುಗಿ ಒಯ್ಯಾಕ ಬರ್ತದೇನು? ಇರ್ಲಿ ಬಿಡ್ರಿ."

ಮಳೆಗಾಲ ಬಂತು, ಹೋಯಿತು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಎಂಜಿನಿಯರ್ ಕೆಳಗಿಳಿದು ಬಂದು ಚಹಾ ಕುಡಿಯುತ್ತ ಕುಳಿತರು. ಮುಖ ಸಪ್ಪಗಿತ್ತು. "ನಿಮ್ಮ ಜಿಲ್ಲೆಯಲ್ಲಿ ಕೆಲಸ ಗೊತ್ತಿರುವವರೇ ಸಿಗೋದಿಲ್ಲವಲ್ಲ ಸರ್" ಎಂದರು. "ವಾರಕ್ಕೊಂದು ಮೋಟಾರು ಸುಡುತ್ತೆ. ವೈಂಡಿಂಗಿಗೆ ಹೈದರಾಬಾದಿಗೆ ಕಳಿಸ್ತೀವಿ. ಹೊರಗಿನವರನ್ನ ಕರೆಸೋಣ ಅಂದ್ರೆ ಅವರ ಸಂಬಳಕ್ಕೆ ಇಲ್ಲಿ ಮನೆ ಸಿಗಲ್ಲ. ಹೀಗಾದ್ರೆ ಬೇರೆ ರಾಜ್ಯಕ್ಕೆ ಹೋಗೋದೇ ವಾಸಿ ಅಂತ ನಮ್ಮ ಮೇಲಿನವರು ಮಾತಾಡ್ತಿದ್ದಾರೆ. ನಿಮ್ಮ ಹತ್ರ ಕಲಿತವರು ಯಾರಾದ್ರೂ ಒಳ್ಳೆಯವರು ಇದ್ದಾರಾ?"

ಶಾಂತಾ ಚಹಾದ ಕಪ್ಪು ಎತ್ತುತ್ತ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಇಡೀ ರಾಯಚೂರಿನಲ್ಲಿ ಇವರಿಗೆ ಬೇಕಾದ ಕೈ ಯಾವುದೋ, ಅದರ ಜಾಗದಲ್ಲಿ ಇವರೇ ಮಲಗುತ್ತಿದ್ದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ನಾನು, "ಒಬ್ಬಾಕಿ ಇದ್ದಾಳ್ರಿ. ಆದರ ಸರ್ಟಿಫಿಕೇಟ್ ಇಲ್ಲ" ಎಂದೆ. ಕೆಲಸ ಬಂದರೆ ಸಾಕು, ಕರೆತನ್ನಿ ಎಂದರು. ಅವರು ಮೇಲೆ ಹೋದ ಮೇಲೆ ಶಾಂತಾ ಒಂದೇ ಮಾತು ಹೇಳಿದಳು: "ಈ ಸಲ ಒಳಗಿನ ಖೋಲಿ ನಾ ಖಾಲಿ ಮಾಡ್ತೀನಿ. ನೀವು ಬಾಯಿ ತೆಗಿಬ್ಯಾಡ್ರಿ."

ಭತ್ತದ ಕೊಯ್ಲು ಮುಗಿದಿತ್ತು. ಬೀರಪ್ಪನ ಹಿಂಡು ಬಾಗಲವಾಡದ ಗದ್ದೆಗಳಲ್ಲಿದೆ ಎಂದು ತಿಳಿದು ಬೈಕಿನಲ್ಲಿ ಹೋದೆ. ಕಾಲುವೆಯ ದಂಡೆಯ ಮೇಲೆ ಒಂದು ಬೇವಿನ ಮರ. ಅದರ ಕೆಳಗೆ ಮಾಳಮ್ಮ ಯಾರದೋ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿಕೊಂಡು ಕುಳಿತಿದ್ದಳು. ಸುತ್ತ ನಾಲ್ಕು ಜನ ರೈತರು ಅವಳ ಕೈ ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ಎದ್ದಳು. ನಾನು ಕಂಪನಿ, ಕೆಲಸ, ಸಂಬಳ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಎಲ್ಲಾ ಕೇಳಿಸಿಕೊಂಡಳು.

"ಇರೋದೆಲ್ಲಿ ಸರ್?"

ಅಷ್ಟೇ ಕೇಳಿದ್ದು. ಸಿಟ್ಟಿನಿಂದಲ್ಲ, ವ್ಯಂಗ್ಯವೂ ಇಲ್ಲ. ಆ ಪ್ರಶ್ನೆಗೆ ನಾನು ತಯಾರಾಗಿಯೇ ಬಂದಿದ್ದೆ. ಬೀರಪ್ಪನೂ ಅಲ್ಲೇ ನಿಂತಿದ್ದ. ಇಬ್ಬರಿಗೂ ಕೇಳುವಂತೆ ಹೇಳಿದೆ. "ನಮ್ಮ ಮನ್ಯಾಗ. ಒಳಗಿನ ಖೋಲಿ. ಊಟ ನಮ್ಮ ಕೂಡಾನೆ. ಬಾಡಿಗಿ ಕಿರಾಯಿ ಏನೂ ಬ್ಯಾಡ, ಪುಕ್ಕಟೆ ಇರ್ಲಿ." ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಬೀರಪ್ಪ ಕೈ ಮುಗಿಯಬಹುದು ಎಂದುಕೊಂಡಿದ್ದೆ.

ಅವನು ನನ್ನನ್ನೇ ನೋಡಿದ.

"ಪುಕ್ಕಟೆ ಯಾಕ್ರಿ? ಕಿರಾಯಿ ಕೊಟ್ಟೀನಲ್ಲ."

ಅವನು ಮಗಳ ಕಡೆ ತಿರುಗಿ, "ಹೋಗವ್ವಾ, ಟ್ರಂಕ್ ತಗೋ. ನಮ್ಮ ಹಕ್ಕಿನ ಜಾಗ ಅದ. ಯಾರ ಮುಂದೂ ತಲಿ ತಗ್ಗಿಸಬ್ಯಾಡ" ಎಂದ. ಆಮೇಲೆ ನನಗೆ ಹಾಲು ಕಾಯಿಸಿ ಕೊಟ್ಟ. ಕುಡಿದೆ.

ಮಾಳಮ್ಮ ಈಗಲೂ ಆ ಕಂಪನಿಯಲ್ಲೇ ಇದ್ದಾಳೆ. ಅವಳು ಸುತ್ತಿದ ಮೋಟಾರು ಮತ್ತೆ ರಿಪೇರಿಗೆ ಬಂದದ್ದಿಲ್ಲ. ಆದರೂ ಸರ್ಟಿಫಿಕೇಟು ಇಲ್ಲದ್ದಕ್ಕೆ ದಾಖಲೆಯಲ್ಲಿ ಅವಳು ಹೆಲ್ಪರ್, ಅವಳಿಂದ ಕೆಲಸ ಕಲಿತ ಹುಡುಗರು ಟೆಕ್ನಿಷಿಯನ್. ಸಂಬಳವೂ ಹಾಗೆಯೇ. ಆ ಕೆಂಪು ಗೆರೆಯ ಕೆಳಗಿನ ಸಹಿ ನನ್ನದು, ಅದನ್ನು ಅಳಿಸಲು ನನ್ನಿಂದ ಆಗಲಿಲ್ಲ. ಎರಡು ಸಲ ಅರ್ಜಿ ಬರೆದುಕೊಟ್ಟೆ, ಎರಡೂ ತಿರುಗಿ ಬಂದವು. ಒಂದೂವರೆ ವರ್ಷ ನಮ್ಮ ಮನೆಯಲ್ಲಿದ್ದು, ಆಮೇಲೆ ಇನ್ನಿಬ್ಬರು ಹುಡುಗಿಯರ ಜೊತೆ ಖೋಲಿ ಮಾಡಿಕೊಂಡು ಹೋದಳು. ಹೋಗುವ ದಿನ ಶಾಂತಾ ಅತ್ತಳು. ನಾನು ಅಳಲಿಲ್ಲ, ಆದರೆ ಆ ಖೋಲಿಗೆ ಎರಡು ದಿನ ಕಾಲಿಡಲಿಲ್ಲ.

ಹೋದ ತಿಂಗಳು ನಮ್ಮ ಕೇಂದ್ರದಲ್ಲಿ ಒಂದು ಸಮಾರಂಭವಿತ್ತು. ಯಾರೋ ಮಾತಾಡುತ್ತ, ಬಡ ಹುಡುಗಿಗೆ ಪುಕ್ಕಟೆ ಆಶ್ರಯ ಕೊಟ್ಟು ದಾರಿ ತೋರಿಸಿದ ಗುರು ಎಂದು ನನ್ನ ಹೆಸರು ಹೇಳಿ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಎದುರಿನ ಸಾಲಿನಲ್ಲಿ ಮಾಳಮ್ಮನೂ ಕುಳಿತಿದ್ದಳು, ಅವಳೂ ಚಪ್ಪಾಳೆ ತಟ್ಟಿದಳು. ಎದ್ದು ನಿಂತು ನಿಜ ಹೇಳಬೇಕಿತ್ತು. ಮೈಕು ಕೈಯಲ್ಲೇ ಇತ್ತು, ಧನ್ಯವಾದ ಎಂದಷ್ಟೇ ಹೇಳಿ ಕೊಟ್ಟುಬಿಟ್ಟೆ. ಆ ದಿನ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ: ಆ ಹುಡುಗಿ ನಮ್ಮ ಮನೆಯಲ್ಲಿ ಒಂದು ದಿನವೂ ಪುಕ್ಕಟೆ ಇರಲಿಲ್ಲ. ಅವಳಪ್ಪ ಬಾಡಿಗೆಯನ್ನು ಮೊದಲೇ ಕೊಟ್ಟಿದ್ದ. ಮನೆ ಕೊಡಲು ನಾನೇ ತಡ ಮಾಡಿದೆ.